ಹೊರದೇಶದ ಮಕ್ಕಳಿಗೆ ಮನೆ ಹುಡುಕಿದ ವರ್ಷಗಳು

ನೇಮಕಾತಿ ಪತ್ರದಲ್ಲಿ ನನ್ನ ಹುದ್ದೆಯ ಹೆಸರು ಒಂದು ಸಾಲಿನಷ್ಟು ಉದ್ದವಿತ್ತು: ಸಮುದಾಯ ಸಹಭಾಗಿತ್ವ ಸಂಯೋಜಕಿ, ಕೊಪ್ಪಳ ಜಿಲ್ಲೆ. ಜನ ಅದನ್ನು ಎರಡು ಪದಕ್ಕೆ ಇಳಿಸಿದರು: ಫಾರಿನ್ ಅಕ್ಕೋರು. ಸಾಂಸ್ಕೃತಿಕ ವಿನಿಮಯದ ವೀಸಾ ಮೇಲೆ ಬರುವ ಹೊರದೇಶದ ಹುಡುಗ ಹುಡುಗಿಯರಿಗೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆ ಇರಲು ಮನೆ ಹುಡುಕುವುದು, ಊರಿನಲ್ಲಿ ಜನರ ಜೊತೆ ಸೇರಿ ಮಾಡಲು ಏನಾದರೂ ಕೆಲಸ ಒದಗಿಸುವುದು, ಪೊಲೀಸ್ ಕಚೇರಿಯಲ್ಲಿ ಅವರ ಹೆಸರು ನೋಂದಾಯಿಸುವುದು, ತಿಂಗಳಿಗೊಮ್ಮೆ ವರದಿ ಬರೆಯುವುದು. ಹದಿನೇಳು ವರ್ಷ ಇದನ್ನೇ ಮಾಡಿದೆ. ನಿವೃತ್ತಳಾಗಿ ಒಂದು ವರ್ಷವಾಯಿತು. ಆಯಾಸ ಮಾತ್ರ ಇನ್ನೂ ಮೈಯಿಂದ ಇಳಿದಿಲ್ಲ.

ಈಗ ಈ ಕೆಲಸಕ್ಕೆ ಸೇರುವವರಿಗೆ ನಮ್ಮ ವಿನಿಮಯ ಸಂಸ್ಥೆಯವರು ಎರಡು ದಿನ ತರಬೇತಿ ಕೊಡುತ್ತಾರಂತೆ. ಪರದೆಯ ಮೇಲೆ ನಗುಮುಖದ ಚಿತ್ರಗಳನ್ನು ತೋರಿಸುತ್ತಾರಂತೆ. ಅವುಗಳಲ್ಲಿ ಕೆಲವು ನಾನೇ ತೆಗೆದವು. ಚಿತ್ರ ತೆಗೆಯುವ ಮೊದಲು ಏನಾಗಿತ್ತು, ತೆಗೆದ ಮೇಲೆ ಏನಾಯಿತು ಎಂದು ಹೇಳುವವರು ಅಲ್ಲಿ ಯಾರೂ ಇರುವುದಿಲ್ಲ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ಸಾಧನೆ ಹೇಳಿಕೊಳ್ಳಲು ಅಲ್ಲ. ಹೇಳಿಕೊಳ್ಳುವಂಥದ್ದು ಕಡಿಮೆ.

ಮೊದಲು ನಾನು ಕೊಪ್ಪಳದ ಒಂದು ಖಾಸಗಿ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಇಂಗ್ಲಿಷ್ ಬರುತ್ತದೆ, ನಾಲ್ಕು ತಾಲೂಕಿನಲ್ಲೂ ನೆಂಟರಿದ್ದಾರೆ, ಇಷ್ಟೇ ನನ್ನ ಅರ್ಹತೆ. ಮನೆ ಹುಡುಕುವುದು ಸುಲಭ ಅಂದುಕೊಂಡೆ. ಸುಲಭವೇ ಆಗಿತ್ತು. ಮೊದಲ ವರ್ಷ ಬಂದ ಫ್ರಾನ್ಸಿನ ಹುಡುಗ ಪಾಲ್‌ನನ್ನು ಗಂಗಾವತಿಯ ಅಕ್ಕಿ ವ್ಯಾಪಾರಿಯೊಬ್ಬರ ಮನೆಯಲ್ಲಿ ಇರಿಸಿದೆ. ದೊಡ್ಡ ಮನೆ, ಒಳ್ಳೆಯ ಮಂದಿ. ಮನೆಯ ಯಜಮಾನಿ ಅನ್ನಪೂರ್ಣಮ್ಮ ಅವನಿಗೆಂದು ಮಾಳಿಗೆಯ ಕೋಣೆಗೆ ಸುಣ್ಣ ಹೊಡೆಸಿದ್ದರು. ಅವನು ಖಾರ ತಿನ್ನುವುದಿಲ್ಲ, ಕಾಯಿಸಿದ ನೀರೇ ಕೊಡಬೇಕು ಎಂದೆಲ್ಲ ನಾನೇ ಪಟ್ಟಿ ಬರೆದುಕೊಟ್ಟಿದ್ದೆ. ಅವರು ಆ ಪಟ್ಟಿಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿಕೊಂಡಿದ್ದರು.

ಮೂರು ತಿಂಗಳ ಮೇಲೆ ಅನ್ನಪೂರ್ಣಮ್ಮ ಫೋನ್ ಮಾಡಿದರು.

"ಅಕ್ಕೋರ, ನೀವು ಇವತ್ತ ಬರ್ರಿ. ಆ ಹುಡುಗ ಬೀದಿ ನಳದಾಗ ತನ್ನ ತಾಟು ತೊಳಿಯಾಕತ್ತಿದ್ದ. ಓಣಿ ಮಂದಿ ಎಲ್ಲಾ ನೋಡ್ಯಾರ. ನಾವು ಅವನ್ನ ಹೆಂಗ ಇಟ್ಟೇವಿ ಅಂತ ತಿಳ್ಕೊಂಡಾರು?"

ಹೋದೆ. ಪಾಲ್ ಮಾಳಿಗೆಯಲ್ಲಿ ಬಟ್ಟೆ ಮಡಚಿ ಚೀಲ ತುಂಬುತ್ತಿದ್ದ. ಏನು ತೊಂದರೆ ಎಂದು ಕೇಳಿದೆ. ತೊಂದರೆಯೇ ಇಲ್ಲ ಅಂದ. ಆಮೇಲೆ ತಾನೇ ಹೇಳತೊಡಗಿದ. ಮೊದಲು ಇವನಿಗೆ ಬಡಿಸುತ್ತಾರೆ, ಇವನು ತಿನ್ನುವಾಗ ಎಲ್ಲರೂ ನಿಂತು ನೋಡುತ್ತಾರೆ, ಇವನು ಎದ್ದ ಮೇಲೆ ಅವರೆಲ್ಲ ಒಳಗೆ ಕೂತು ನಗುತ್ತ ಉಣ್ಣುತ್ತಾರೆ. ಒಂದು ಲೋಟ ಎತ್ತಿಡಲು ಹೋದರೂ ಕೈಯಿಂದ ಕಸಿದುಕೊಳ್ಳುತ್ತಾರೆ. ಮೂರು ತಿಂಗಳಿಂದ ಈ ಮನೆಯಲ್ಲಿ ಒಬ್ಬನೇ ಉಣ್ಣುತ್ತಿದ್ದೇನೆ ಎಂದು ಹೇಳಿ ಮತ್ತೆ ಬಟ್ಟೆ ಮಡಚತೊಡಗಿದ. ಅವನು ಆ ವಾರವೇ ಊರಿಗೆ ಹೋದ. ಅನ್ನಪೂರ್ಣಮ್ಮ ನನ್ನ ಎದುರಿಗೇ ಅತ್ತರು. ತಾವು ಏನು ಕಡಿಮೆ ಮಾಡಿದೆವು ಎಂಬುದು ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ. ಕಡಿಮೆ ಮಾಡಿದ್ದು ನಾನು. ಪಟ್ಟಿಯಲ್ಲಿ ಅವನು ಏನು ತಿನ್ನುತ್ತಾನೆ ಎಂದು ಬರೆದಿದ್ದೆನೇ ಹೊರತು, ಅವನಿಗೆ ಏನು ಕೆಲಸ ಹಚ್ಚಬೇಕು ಎಂದು ಬರೆದಿರಲಿಲ್ಲ.

ಅಂದಿನಿಂದ ಯಾವ ಮನೆಗೆ ಹೋದರೂ ಕೋಣೆ ನೋಡುವ ಮೊದಲು ಒಂದು ಪ್ರಶ್ನೆ ಕೇಳುತ್ತಿದ್ದೆ: ಬಂದವರಿಗೆ ಯಾವ ಕೆಲಸ ಹಚ್ಚುತ್ತೀರಿ? ಛೆ, ಅವರಿಗೆ ಕೆಲಸ ಹಚ್ಚೂದೇನ್ರಿ ಎಂದವರ ಮನೆಯಲ್ಲಿ ಚಹಾ ಕುಡಿದು ಎದ್ದು ಬರುತ್ತಿದ್ದೆ. ಇದನ್ನು ಯಾವ ತರಬೇತಿಯಲ್ಲೂ ಹೇಳಿಕೊಡುವುದಿಲ್ಲ.

ಹುಬ್ಬಳ್ಳಿಯಲ್ಲಿ ಕೂರುತ್ತಿದ್ದ ನಮ್ಮ ಪ್ರಾದೇಶಿಕ ಅಧಿಕಾರಿ ಜೋಶಿ ಸರ್. ಕೆಟ್ಟವರಲ್ಲ. ದೆಹಲಿಯ ಮುಖ್ಯ ಕಚೇರಿಯವರು ಅವರನ್ನು ಕೇಳುತ್ತಿದ್ದರು, ಅವರು ನನ್ನನ್ನು ಕೇಳುತ್ತಿದ್ದರು. ಕೇಳುತ್ತಿದ್ದದ್ದು ಎರಡೇ: ತಾಸು ಮತ್ತು ಫೋಟೋ. ಬಂದ ಪ್ರತಿಯೊಬ್ಬರೂ ತಿಂಗಳಿಗೆ ಇಷ್ಟು ತಾಸು ಊರಿನ ಜನರೊಂದಿಗೆ ತೊಡಗಬೇಕು, ಅದಕ್ಕೆ ಫೋಟೋ ಸಾಕ್ಷಿ ಇರಬೇಕು. ಆನೆಗೊಂದಿಯಲ್ಲಿ ಬಾಳೆನಾರಿನಿಂದ ಚೀಲ, ಬುಟ್ಟಿ ಹೆಣೆಯುವ ಹೆಂಗಸರ ಬಳಿ ವರ್ಷಕ್ಕೆ ಇಬ್ಬರು ಮೂವರನ್ನು ಕರೆದೊಯ್ಯುತ್ತಿದ್ದೆ. ನಾರು ಬಿಡಿಸುವುದನ್ನು ಕಲಿಯುವಂತೆ ಕೂರಿಸಿ ಫೋಟೋ ತೆಗೆಯುತ್ತಿದ್ದೆ. ಅಲ್ಲಿಯ ಹಿರಿಯಳು ಹುಲಿಗೆವ್ವ ಒಮ್ಮೆ, ನಾನು ಕರೆತಂದಿದ್ದ ಹುಡುಗಿಯ ಬಗ್ಗೆ, ನಾರಿನಿಂದ ಕಣ್ಣೆತ್ತದೆ ಕೇಳಿದಳು.

"ಅಕ್ಕೋರ, ಈಕಿ ಎಷ್ಟು ದಿನ ಬರ್ತಾಳ? ಫೋಟೋ ಆಗೂತನಾನೋ, ಇಲ್ಲಾ ಬುಟ್ಟಿ ಆಗೂತನಾನೋ?"

ಆ ಹುಡುಗಿಯ ಪಟ್ಟಿಯಲ್ಲಿ ಮರುದಿನ ಬೇರೆ ಊರಿತ್ತು. ಸಸಿ ನೆಡುವುದೂ ಹಾಗೆಯೇ. ಒಂದು ಶಾಲೆಯ ಅಂಗಳದಲ್ಲಿ ಒಂದೇ ಗುಂಡಿಯಲ್ಲಿ ಮೂರು ವರ್ಷ ಮೂರು ದೇಶದವರಿಂದ ಸಸಿ ನೆಡಿಸಿದ್ದೇನೆ. ಪ್ರತಿ ಬೇಸಿಗೆಗೂ ಅದು ಒಣಗುತ್ತಿತ್ತು. ಗುಂಡಿ ತೋಡುವ ಶ್ರಮ ಉಳಿಯುತ್ತಿತ್ತು ಅಷ್ಟೇ.

ನೋಂದಣಿ ಕೆಲಸವೂ ಈ ವರ್ಷಗಳಲ್ಲಿ ಬಹಳ ಬದಲಾಯಿತು. ಮೊದಲು ಬಂದವರನ್ನು ಕರೆದುಕೊಂಡು ಕೊಪ್ಪಳದ ಪೊಲೀಸ್ ಕಚೇರಿಗೆ ಹೋಗಿ ಬೆಂಚಿನ ಮೇಲೆ ಅರ್ಧ ದಿನ ಕೂರಬೇಕಿತ್ತು. ಪಾಸ್‌ಪೋರ್ಟಿನ ಪ್ರತಿ, ಮನೆಯವರ ಒಪ್ಪಿಗೆ ಪತ್ರ, ಫೋಟೋ, ಎಲ್ಲ ಮೂರು ಮೂರು. ಅಲ್ಲಿ ಖಾಸಿಂಸಾಬ್ ಎಂಬ ಹಿರಿಯ ಜಮಾದಾರರು ಆ ಕಡತ ನೋಡುತ್ತಿದ್ದರು. ನಿಧಾನ ಮನುಷ್ಯ, ಒಂದು ಅಕ್ಷರ ತಪ್ಪಿದರೂ ವಾಪಸ್ ಕಳಿಸುವವರು. ಆದರೆ ಮುಖ ನೋಡುತ್ತಿದ್ದರು. ಒಮ್ಮೆ ಅವಧಿ ವಿಸ್ತರಣೆಗೆಂದು ಒಬ್ಬ ಹುಡುಗಿಯನ್ನು ಕರೆದೊಯ್ದಾಗ ಕಾಗದ ಬಿಟ್ಟು ಅವಳನ್ನೇ ನೋಡಿ, "ಅಕ್ಕೋರ, ಈಕಿ ಭಾಳ ಸೊರಗ್ಯಾಳ. ಆ ಮನ್ಯಾಗ ಉಣ್ಣಾಕ ಸರಿ ಹೊಂದಿಲ್ಲೇನು ವಿಚಾರಸ್ರಿ," ಅಂದಿದ್ದರು. ವಿಚಾರಿಸಿದೆ. ಅವರ ಮಾತು ನಿಜವಿತ್ತು. ಈಗ ಎಲ್ಲವೂ ಕಂಪ್ಯೂಟರಿನಲ್ಲಿ. ಬೆಂಚಿನ ಮೇಲೆ ಕಾಯುವ ಕಷ್ಟವಿಲ್ಲ. ಫೋಟೋದ ಅಳತೆ ಸರಿಯಿದ್ದರೆ ಸಾಕು, ಸೊರಗಿದ್ದನ್ನು ಯಾರೂ ಕೇಳುವುದಿಲ್ಲ.

ಇಷ್ಟೆಲ್ಲ ಹೇಳಿದ್ದು ಮುಂದಿನದನ್ನು ಹೇಳಲಿಕ್ಕಾಗಿ. ನಾನು ಮಾಡಿದ ತಪ್ಪುಗಳಲ್ಲಿ ಪಾಲ್‌ನದು ತಿಳಿಯದೆ ಆದದ್ದು. ಇದು ಹಾಗಲ್ಲ.

ಕುಷ್ಟಗಿಯಲ್ಲಿ ನೀಲಮ್ಮ ಎಂಬ ವಿಧವೆ ಇದ್ದಾರೆ. ಮನೆಯಲ್ಲೇ ಜಂಪರು, ಲಂಗ ಹೊಲಿಯುತ್ತಾರೆ. ಒಬ್ಬಳೇ ಮಗಳು ರೇಣುಕಾಳನ್ನು ಯಲಬುರ್ಗಾ ತಾಲೂಕಿನ ಒಂದು ಹಳ್ಳಿಗೆ ಕೊಟ್ಟಿದ್ದರು. ಮಗಳ ಕೋಣೆ ಖಾಲಿ ಇದೆ, ಯಾರಾದರೂ ಇದ್ದರೆ ಆಗಬಹುದು ಎಂದು ಅವರೇ ಹೇಳಿ ಕಳಿಸಿದ್ದರು. ಹೋಗಿ ನನ್ನ ಪ್ರಶ್ನೆ ಕೇಳಿದೆ. ಅವರು ಯೋಚಿಸಲೇ ಇಲ್ಲ.

"ಜಂಪರಿಗೆ ಗುಂಡಿ ಹಚ್ಚೂದು. ನಳ ಬಂದಾಗ ನೀರು ಹಿಡಿಯೂದು. ರೊಟ್ಟಿ ಬಡಿಯಾಕ ಹೆಂಗೂ ಬರೂದಿಲ್ಲ ಅವರಿಗೆ, ಅದನ್ನ ಕಲೀಬೇಕು."

ಅಂಥ ಮನೆ ನನಗೆ ಹದಿನೇಳು ವರ್ಷದಲ್ಲಿ ನಾಲ್ಕೈದು ಸಿಕ್ಕಿರಬಹುದು. ಅಲ್ಲಿಗೆ ಚೆಕ್ ದೇಶದ ಹಾನಾ ಎಂಬ ಹುಡುಗಿಯನ್ನು ಕಳಿಸಿದೆ. ಇಪ್ಪತ್ತಮೂರು ವರ್ಷ, ಎತ್ತರದ ಮೈಕಟ್ಟು, ಮಾತು ಕಡಿಮೆ. ಹತ್ತಿರದ ಸರಕಾರಿ ಪ್ರೌಢಶಾಲೆಯಲ್ಲಿ ಮಕ್ಕಳಿಗೆ ಇಂಗ್ಲಿಷ್ ಮಾತಾಡಲು ಕಲಿಸುವುದು ಅವಳ ಪಾಲಿನ ಸಮುದಾಯ ಕೆಲಸ. ಹಾನಾ ಎಂಬುದು ನೀಲಮ್ಮನ ಬಾಯಿಗೆ ಹೊಂದಲಿಲ್ಲ. ಹನುಮವ್ವ ಅಂದರು. ಆರು ತಿಂಗಳಲ್ಲಿ ಹನುಮವ್ವ ರೊಟ್ಟಿ ಬಡಿಯುತ್ತಿದ್ದಳು, ಅಂಚು ಹರಿಯುತ್ತಿತ್ತು ಅಷ್ಟೆ. ಕನ್ನಡವನ್ನೂ ಆ ಮನೆಯಲ್ಲೇ ಕಲಿತಳು, ಅಲ್ಲಿಯ ಮಾತಿನ ಧಾಟಿಯಲ್ಲೇ.

ಹಾನಾ ಬಂದ ಏಳನೆಯ ತಿಂಗಳಲ್ಲಿ ನೀಲಮ್ಮನ ಮಗಳು ರೇಣುಕಾಳಿಗೆ ದಿನ ತುಂಬುವ ಬಹಳ ಮೊದಲೇ ಹೆರಿಗೆಯಾಯಿತು. ರಕ್ತದೊತ್ತಡ ಏರಿ ಕೊಪ್ಪಳದ ಆಸ್ಪತ್ರೆಗೆ ತಂದು ಆಪರೇಷನ್ ಮಾಡಿ ಮಗುವನ್ನು ಉಳಿಸಿದ್ದರು. ಹೆಣ್ಣು ಕೂಸು, ಒಂದೂವರೆ ಕಿಲೋ ಕೂಡ ತೂಗುತ್ತಿರಲಿಲ್ಲ. ತಾಯಿ ಜ್ವರದಿಂದ ಬೇರೆ ವಾರ್ಡಿನಲ್ಲಿ ಮಲಗಿದ್ದಳು. ಗಂಡ ಮಲ್ಲಪ್ಪ ಹೊರಗೆ ಔಷಧ, ಊಟ ನೋಡಿಕೊಳ್ಳುತ್ತಿದ್ದ. ಕೂಸಿನ ವಾರ್ಡಿಗೆ ಗಂಡಸರನ್ನು ಬಿಡುತ್ತಿರಲಿಲ್ಲ. ಸ್ವಲ್ಪ ಚೇತರಿಸಿಕೊಂಡ ಕೂಸನ್ನು ಯಾರಾದರೂ ಎದೆಗೆ, ಮೈಗೆ ಮೈ ತಾಗುವಂತೆ, ತಾಸುಗಟ್ಟಲೆ ಹಿಡಿದು ಕೂರಬೇಕು, ಮೈಕಾವಿನಿಂದಲೇ ಅದು ಬೆಳೆಯಬೇಕು ಎಂದು ಡಾಕ್ಟರರು ಹೇಳಿದರು. ನೀಲಮ್ಮ ಮಗಳನ್ನು ನೋಡುವುದೋ ಕೂಸನ್ನು ಹಿಡಿಯುವುದೋ. ಜೊತೆಗೆ ಬಂದಿದ್ದ ಹಾನಾ ಕೂಸನ್ನು ಹಿಡಿದಳು.

ನನಗೆ ಸುದ್ದಿ ತಿಳಿದದ್ದು ನಾಲ್ಕು ದಿನದ ಮೇಲೆ. ಆಸ್ಪತ್ರೆಗೆ ಹೋದೆ. ಒರಗು ಕುರ್ಚಿಯಲ್ಲಿ ಹಾನಾ ಅರ್ಧ ಮಲಗಿದ್ದಳು. ನೀಲಮ್ಮ ಹೊಲಿದುಕೊಟ್ಟ, ಮುಂದೆ ತೆರೆಯುವ ಜಂಪರಿನೊಳಗೆ ಕೂಸಿನ ಟೋಪಿ ಮಾತ್ರ ಕಾಣುತ್ತಿತ್ತು. ನರ್ಸ್ ನನ್ನನ್ನು ಪಕ್ಕಕ್ಕೆ ಕರೆದು, "ಮೊದಲನೇ ದಿನ ಈಕಿ ಯಾರು ಅಂತ ಕೇಳಿದ್ರ, ಆ ಅಜ್ಜಿ ನನ್ನ ಮಗಳು ಅಂದ್ರು. ನಾ ಈಕಿ ಮುಖ ನೋಡಿದೆ. ಇನ್ನೊಬ್ಬಾಕಿ ಮಗಳು ಅಂದ್ರು. ಸುಮ್ಮನಾದೆ," ಅಂದಳು.

ನಾನು ಹಾನಾಳ ಹತ್ತಿರ ಹೋಗಿ ಸಣ್ಣ ದನಿಯಲ್ಲಿ ಹೇಳಿದೆ. ನಿನ್ನ ನೋಂದಾಯಿತ ವಿಳಾಸ ಕುಷ್ಟಗಿ. ಅದನ್ನು ಬಿಟ್ಟು ಇಷ್ಟು ದಿನ ಬೇರೆಡೆ ಇರುವುದಾದರೆ ತಿಳಿಸಬೇಕು. ಶಾಲೆಗೂ ಹೋಗುತ್ತಿಲ್ಲ. ಇವತ್ತು ಬಸ್ಸು ಹತ್ತು.

ಅವಳು ಕೂಸಿನ ಬೆನ್ನ ಮೇಲಿನ ಕೈ ತೆಗೆಯದೆ ಹೇಳಿದಳು: "ಕೂಸಿಗೆ ತೂಕ ಬರಬೇಕ್ರಿ ಅಕ್ಕೋರ. ಆಮ್ಯಾಲೆ ಹೊಕ್ಕೀನಿ."

ನಾನು ಮತ್ತೆ ಒತ್ತಾಯ ಮಾಡಲಿಲ್ಲ. ಆಗ ಮಾಡಬೇಕಾದದ್ದು ಸರಳವಿತ್ತು. ವಿಳಾಸ ಬದಲಾವಣೆಯ ಒಂದು ಅರ್ಜಿ ಹಾಕಬೇಕಿತ್ತು. ಜೋಶಿ ಸರ್‌ಗೆ ಫೋನ್ ಮಾಡಿ ಹೀಗೆ ಹೀಗೆ ಎಂದು ಹೇಳಬೇಕಿತ್ತು. ಶಾಲೆಯ ಹೆಡ್‌ಮಾಸ್ತರರಿಗೆ ಒಂದು ಮಾತು ತಿಳಿಸಬೇಕಿತ್ತು. ಯಾವುದನ್ನೂ ಮಾಡಲಿಲ್ಲ. ನಾಳೆ ಮಾಡೋಣ ಅಂದುಕೊಂಡೆ. ಆ ವಾರ ನವಲಿ ಎಂಬ ಊರಿನಲ್ಲಿ ಇರಿಸಿದ್ದ ಇನ್ನೊಬ್ಬ ಹುಡುಗನಿಗೆ ಡೆಂಗಿ ಜ್ವರ ಬಂತು, ಅವನ ಹಿಂದೆ ಓಡಾಡಿದೆ. ತಿಂಗಳ ಕೊನೆ ಬಂತು. ಏಳು ಜನರ ವರದಿ ಬರೆಯಬೇಕಿತ್ತು. ವರದಿಯ ನಮೂನೆಯಲ್ಲಿ ಶಿಕ್ಷಣ, ಪರಿಸರ, ಕರಕುಶಲ, ಸ್ವಚ್ಛತೆ ಎಂಬ ಕಾಲಂಗಳಿದ್ದವು. ಆಸ್ಪತ್ರೆಯಲ್ಲಿ ಕೂಸು ಹಿಡಿದು ಕೂತದ್ದಕ್ಕೆ ಕಾಲಂ ಇರಲಿಲ್ಲ. ನಿಜ ಬರೆದರೆ ಮೂರು ಫೋನು, ಎರಡು ವಿವರಣೆ ಪತ್ರ. ನನಗೆ ಸಾಕಾಗಿತ್ತು. ಹಾನಾಳ ಹಿಂದಿನ ತಿಂಗಳ ವರದಿ ತೆರೆದು, ತಿಂಗಳ ಹೆಸರು ಬದಲಿಸಿ, ಹಳೆಯ ಫೋಟೋ ಎರಡು ಹಚ್ಚಿ ಕಳಿಸಿದೆ. ಶಾಲೆಯಲ್ಲಿ ನಲವತ್ತು ತಾಸು ಇಂಗ್ಲಿಷ್ ಸಂಭಾಷಣೆ ಎಂದು ಅದರಲ್ಲಿತ್ತು. ಹತ್ತು ನಿಮಿಷದ ಕೆಲಸ.

ಆ ಶಾಲೆಯ ಹೆಡ್‌ಮಾಸ್ತರರು ಬಹಳ ಸಭ್ಯರು. ಹುಡುಗಿ ಮೂರು ವಾರದಿಂದ ಬಂದಿಲ್ಲ, ಮಕ್ಕಳು ಕೇಳುತ್ತಿದ್ದಾರೆ, ಮೈಗೆ ಹುಷಾರಿಲ್ಲವೋ ಏನೋ ಎಂದು ಕಾಳಜಿಯಿಂದ ನಮ್ಮ ಹುಬ್ಬಳ್ಳಿ ಕಚೇರಿಗೆ ಒಂದು ಪತ್ರ ಬರೆದರು. ಆ ಪತ್ರವೂ ನನ್ನ ವರದಿಯೂ ಒಂದೇ ವಾರದಲ್ಲಿ ದೆಹಲಿ ತಲುಪಿದವು.

ಜೋಶಿ ಸರ್ ನನ್ನನ್ನು ಹುಬ್ಬಳ್ಳಿಗೆ ಕರೆಸಿದರು. ಮೇಜಿನ ಮೇಲೆ ಎರಡೂ ಕಾಗದ ಅಕ್ಕಪಕ್ಕ ಇಟ್ಟಿದ್ದರು. ಕೂರಲು ಹೇಳಿದರು. ಚಹಾ ತರಿಸಿದರು. ನಡೆದದ್ದನ್ನೆಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು.

"ಗಿರಿಜಾಬಾಯಾರ, ನೀವು ಖರೇನ ಬರೆದಿದ್ರ ನಾ ಏನರ ಮಾಡ್ತಿದ್ದೆ. ಇದಕ್ಕಿಂತ ಛಲೋ ಸಮುದಾಯ ಕೆಲಸ ಯಾವ್ದೈತಿ ಹೇಳ್ರಿ? ದಿಲ್ಲಿಯವರಿಗೆ ನಾನ ಓದಿ ಹೇಳ್ತಿದ್ದೆ. ಈಗ ಅವರ ಮುಂದ ಇರೂದು ಎರಡು. ಹುಡುಗಿ ವಿಳಾಸದಾಗ ಇಲ್ಲ. ಅದನ್ನ ಮುಚ್ಚಾಕ ಸುಳ್ಳು ವರದಿ. ಹೊರದೇಶದವರ ಕಾಗದದಾಗ ಇಂಥಾದ್ದು ಬಂದ್ರ ಅವರು ಯಾಕ ಉಳಿಸ್ಕೋತಾರ್ರಿ?"

"ತಪ್ಪು ನಂದು ಸರ್. ಆಕಿದಲ್ಲ."

"ಅದು ನಂಗ ಗೊತ್ತೈತಿ. ಕಾಗದಕ್ಕ ಗೊತ್ತಿಲ್ಲಲ್ಲ."

ಅಲ್ಲಿಯೇ ಕೂತು ದೆಹಲಿಗೆ ಪತ್ರ ಬರೆದೆ. ಸುಳ್ಳು ಬರೆದವಳು ನಾನು, ಹುಡುಗಿಗೆ ಅದರ ಅರಿವೇ ಇಲ್ಲ, ನನ್ನ ಮೇಲೆ ಏನು ಕ್ರಮ ಬೇಕಾದರೂ ಕೈಗೊಳ್ಳಿ ಎಂದು. ಎರಡು ದಿನಕ್ಕೆ ಉತ್ತರ ಬಂತು. ಹಾನಾಳ ವೀಸಾಕ್ಕೆ ಕೊಟ್ಟಿದ್ದ ಪ್ರಾಯೋಜಕತ್ವವನ್ನು ಸಂಸ್ಥೆ ಹಿಂತೆಗೆದುಕೊಂಡಿದೆ, ಎಂಟು ದಿನದೊಳಗೆ ಅವಳು ಹೊರಡಬೇಕು. ನನಗೆ ಒಂದು ಎಚ್ಚರಿಕೆ ಪತ್ರ. ಆ ಜಿಲ್ಲೆಗೆ ಬೇರೆ ಯಾರೂ ಸಿಕ್ಕುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ನನ್ನ ಕೆಲಸ ಉಳಿಯಿತು. ಇದನ್ನು ಬರೆಯಲು ಇಂದಿಗೂ ನಾಚಿಕೆಯಾಗುತ್ತದೆ.

ಹಾನಾಳಿಗೆ ಹೇಳಲು ಆಸ್ಪತ್ರೆಗೆ ಹೋದೆ. ಕೂಸು ಆಗ ನೀಲಮ್ಮನ ಹತ್ತಿರವಿತ್ತು. ಹಾನಾ ವರಾಂಡದ ನಲ್ಲಿಯಲ್ಲಿ ಕೂಸಿನ ಬಟ್ಟೆ ಹಿಂಡುತ್ತಿದ್ದಳು. ಇಂಗ್ಲಿಷಿನಲ್ಲಿ ಹೇಳತೊಡಗಿದೆ. ಅವಳು ಪೂರ್ತಿ ಕೇಳಿಸಿಕೊಂಡು ಕನ್ನಡದಲ್ಲಿ ಕೇಳಿದಳು.

"ನಾ ಏನು ತಪ್ಪು ಮಾಡೀನ್ರಿ?"

"ನೀ ಏನೂ ಮಾಡಿಲ್ಲವ್ವ. ತಪ್ಪು ಮಾಡಿದಾಕಿ ನಾನು."

ಅವಳು ಹಿಂಡಿದ ಬಟ್ಟೆಯನ್ನು ಹಗ್ಗದ ಮೇಲೆ ಹಾಕಿದಳು. ಮೂಲೆ ಎಳೆದು ಸರಿಮಾಡಿದಳು.

"ಹಂಗಾರ ನೀವು ಹೋಗ್ರಿ. ನಾ ಇರ್ತೀನಿ."

ಕೊಂಕು ಇರಲಿಲ್ಲ ಆ ಮಾತಿನಲ್ಲಿ. ಅವಳಿಗಿದ್ದ ಕನ್ನಡದಲ್ಲಿ ಅವಳು ಒಂದು ನ್ಯಾಯವಾದ ದಾರಿ ಹೇಳಿದ್ದಳು. ಒಳಗಿನಿಂದ ನೀಲಮ್ಮ ನಮ್ಮ ಕನ್ನಡದ ಮಾತುಗಳನ್ನು ಕೇಳಿಸಿಕೊಂಡಿದ್ದರು. ಬಾಗಿಲಿಗೆ ಬಂದು ನನ್ನನ್ನೊಮ್ಮೆ ನೋಡಿ ಒಳಗೆ ಹೋದರು. ಬೈದಿದ್ದರೆ ಹಗುರವಾಗುತ್ತಿತ್ತು.

ಹೊರಡುವ ಹಿಂದಿನ ದಿನ ನೀಲಮ್ಮನಿಗೆ ಕೆಮ್ಮು ನೆಗಡಿ ಹತ್ತಿತು. ಕೆಮ್ಮಿರುವವರು ಕೂಸಿನ ಹತ್ತಿರ ಬರಬಾರದು ಎಂದು ನರ್ಸ್ ಕಟ್ಟುನಿಟ್ಟಾಗಿ ಹೇಳಿದಳು. ರೇಣುಕಾಳ ಜ್ವರ ಇಳಿದಿತ್ತು, ಆದರೆ ಎದ್ದು ಕೂರುವ ಶಕ್ತಿ ಇರಲಿಲ್ಲ. ಮಲ್ಲಪ್ಪನ ತಾಯಿ ಹಾಸಿಗೆ ಹಿಡಿದು ವರ್ಷವಾಗಿತ್ತು. ಇನ್ನು ಯಾರು ಹಿಡಿಯುತ್ತಾರೆ ಎಂದು ನರ್ಸ್ ಕೇಳಿದಳು. ನಾನು ಹಿಡಿಯುತ್ತೇನೆ ಅಂದೆ. ಯೋಚಿಸಿ ಹೇಳಿದ್ದಲ್ಲ. ನೀಲಮ್ಮ ತಲೆ ಎತ್ತಲಿಲ್ಲ. ಬೇಡ ಅನ್ನುವ ಅನುಕೂಲ ಅವರಿಗಿರಲಿಲ್ಲ.

ಮರುದಿನ ಬೆಳಗ್ಗೆ ಸ್ನಾನ ಮಾಡಿ, ತೊಳೆದ ಬಟ್ಟೆ ಉಟ್ಟು ಹೋದೆ. ಹಾನಾಳ ಚೀಲ ಬಾಗಿಲ ಬಳಿ ಇತ್ತು. ಅವಳು ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಹಿಂದಕ್ಕೆ ಒರಗಿಸಿ, ಕೂಸನ್ನು ತನ್ನ ಎದೆಯಿಂದ ಬಿಡಿಸಿ ನನ್ನ ಎದೆಗೆ ಇಟ್ಟಳು.

"ತಲಿ ಹಿಂಗ, ಒಂದು ಬಾಜು. ಮೂಗು ಮುಚ್ಚಬಾರದ್ರಿ. ಕಾಲು ಕಪ್ಪಿಗತೆ. ನೀವು ಜೋರು ಉಸಿರು ತಗೋಬ್ಯಾಡ್ರಿ, ಆಕಿ ಎಚ್ಚರಾಗ್ತಾಳ."

ಕಪ್ಪೆಯ ಹಾಗೆ ಕೂಸಿನ ಕಾಲು ಮಡಚಿ ತೋರಿಸಿದಳು. ಹದಿನಾಲ್ಕು ವರ್ಷದಿಂದ ಹೊರದೇಶದವರಿಗೆ ನಮ್ಮ ಊರಲ್ಲಿ ಹೇಗಿರಬೇಕು ಎಂದು ಹೇಳಿಕೊಡುತ್ತಿದ್ದೆ. ಆ ದಿನ ಅವಳು ಹೇಳಿದಂತೆ ಕೂತೆ. ಅವಳು ಬಾಗಿಲಾಚೆ ನಿಂತಿದ್ದ ನೀಲಮ್ಮನ ಕಾಲು ಮುಟ್ಟಿದಳು. ನೀಲಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಅವಳ ತಲೆ ಸವರಿದರು. ಮಲ್ಲಪ್ಪ ಚೀಲ ಹೊತ್ತುಕೊಂಡು ಬಸ್ ಸ್ಟ್ಯಾಂಡಿಗೆ ಹೊರಟ. ಸಾಮಾನ್ಯವಾಗಿ ಹೊರಡುವವರನ್ನು ಬಿಟ್ಟುಬರುವುದು ನನ್ನ ಕೆಲಸ. ಆ ದಿನ ಏಳಲು ಆಗಲಿಲ್ಲ. ಕೂಸು ಮಲಗಿತ್ತು.

ಹನ್ನೊಂದು ದಿನ ಹಿಡಿದೆ. ಕಚೇರಿಗೆ ರಜೆ ಬರೆದುಕೊಟ್ಟೆ. ನನಗೂ ಇಬ್ಬರು ಮಕ್ಕಳು. ಅವರು ಸಣ್ಣವರಿದ್ದಾಗ ಶಾಲೆ, ಅಡುಗೆ, ಅತ್ತೆಯವರ ಸೇವೆ ಎಂದು ಓಡಾಡಿದ್ದೇ ಹೆಚ್ಚು. ಹೀಗೆ ತಾಸುಗಟ್ಟಲೆ ಏನೂ ಮಾಡದೆ ಒಂದು ಜೀವವನ್ನು ಹಿಡಿದು ಕೂತ ನೆನಪಿಲ್ಲ. ಮೊದಲ ದಿನ ಸೊಂಟ ಹಿಡಿಯಿತು. ಎರಡನೆಯ ದಿನ ಫೋನ್ ಹತ್ತಾರು ಸಲ ಅದುರಿತು, ಎತ್ತಲಿಲ್ಲ. ಮೂರನೆಯ ದಿನ ಕೂಸಿನ ತೂಕ ಸ್ವಲ್ಪ ಇಳಿಯಿತು. ನನ್ನ ಕೈಯಲ್ಲಿ ಏನಾದರೂ ಕೊರತೆ ಇದೆಯೇನೋ ಎಂದು ಹೆದರಿ ನರ್ಸನ್ನು ಮೂರು ಸಲ ಕೇಳಿದೆ. ಹಂಗ ಆಗ್ತೈತ್ರಿ, ಸುಮ್ನ ಕುಂದರ್ರಿ ಎಂದಳು. ಐದನೆಯ ದಿನ ಏರಿತು.

ನೀಲಮ್ಮ ಆ ದಿನಗಳಲ್ಲಿ ನನ್ನ ಜೊತೆ ಬೇಕಾದಷ್ಟೇ ಮಾತಾಡಿದರು. ಹಾಲಿನ ಹೊತ್ತು, ಔಷಧದ ಹೊತ್ತು. ಒಂದು ಮಧ್ಯಾಹ್ನ ವಾರ್ಡಿನ ಬಾಗಿಲಲ್ಲಿ ನಿಂತು ಬುತ್ತಿಯ ಗಂಟನ್ನು ನರ್ಸ್ ಕೈಯಲ್ಲಿ ಕಳಿಸಿ ದೂರದಿಂದಲೇ ಹೇಳಿದರು.

"ರೊಟ್ಟಿ, ಪುಂಡಿಪಲ್ಲೆ ಐತಿ. ಉಣ್ರಿ. ಹಸಗೊಂಡು ಕುಂತ್ರ ಕೂಸಿಗೆ ಕಾವು ಹತ್ತೂದಿಲ್ಲ."

ಅದು ನನ್ನನ್ನು ಕ್ಷಮಿಸಿದ ಮಾತು ಎಂದು ನಾನು ತಿಳಿಯಲಿಲ್ಲ. ಕೂಸಿನ ಸಲುವಾಗಿ ಹೇಳಿದ್ದು. ಆದರೂ ಉಂಡೆ. ಹನ್ನೆರಡನೆಯ ದಿನ ರೇಣುಕಾ ತಾನೇ ಬಂದು ಕುರ್ಚಿಯಲ್ಲಿ ಕೂತಳು. ಕೂಸನ್ನು ಅವಳ ಎದೆಗೆ ಇಟ್ಟೆ. ತಲೆ ಒಂದು ಬಾಜು, ಮೂಗು ಮುಚ್ಚಬಾರದು ಎಂದು ಹೇಳಿಕೊಟ್ಟೆ. ಎರಡು ವಾರದ ಮೇಲೆ ತಾಯಿ ಮಗು ಇಬ್ಬರೂ ಕುಷ್ಟಗಿಗೆ ಹೋದರು.

ಹಾನಾ ನೀಲಮ್ಮನಿಗೆ ವಾರಕ್ಕೊಮ್ಮೆ ಫೋನ್ ಮಾಡುತ್ತಾಳೆ ಎಂದು ಕೇಳಿದ್ದೆ. ನನಗೆ ಮಾಡಲಿಲ್ಲ. ಒಂದು ವರ್ಷ ಕಳೆದ ಮೇಲೆ ಒಂದು ಸಂದೇಶ ಕಳಿಸಿದಳು, ಕೂಸು ನಡೆಯುತ್ತಿದೆಯಂತೆ ನೋಡಿದಿರಾ ಎಂದು. ನೋಡಿಲ್ಲ ಎಂದು ಬರೆದೆ.

ಆ ವರ್ಷದ ನಂತರ ನನ್ನ ವರದಿಗಳು ಉದ್ದವಾದವು. ಕಾಲಂ ಇಲ್ಲದ್ದನ್ನು ಕೆಳಗೆ ಬಿಳಿ ಜಾಗದಲ್ಲಿ ಬರೆದೆ. ನಾಟಿ ಮಾಡುವ ಹೆಂಗಸರಿಗೆ ಬದುವಿನ ಮೇಲೆ ಬುತ್ತಿ ಹೊತ್ತು ಹೋದದ್ದು, ಸಾವಿನ ಮನೆಯಲ್ಲಿ ಮೂರು ದಿನ ಪಾತ್ರೆ ತೊಳೆದದ್ದು, ಕಣ್ಣು ಕಾಣದ ಮುದುಕರೊಬ್ಬರಿಗೆ ಪಡಸಾಲೆಯಲ್ಲಿ ದಿನವೂ ಪತ್ರಿಕೆ ತಪ್ಪುತಪ್ಪಾಗಿ ಓದಿ ಹೇಳಿದ್ದು. ಜೋಶಿ ಸರ್ ಓದುತ್ತಿದ್ದರು. ಅವರು ನಿವೃತ್ತರಾದ ಮೇಲೆ ವರದಿಯೂ ಕಂಪ್ಯೂಟರಿಗೆ ಬಂತು. ಅದರಲ್ಲಿ ಬಿಳಿ ಜಾಗ ಎರಡು ಸಾಲಿನಷ್ಟಿದೆ. ಹೊಸಬರೇ, ಆ ಎರಡು ಸಾಲನ್ನು ಖಾಲಿ ಬಿಡಬೇಡಿ. ದಣಿದ ದಿನ ಹಿಂದಿನ ತಿಂಗಳ ಕಾಗದ ತೆರೆಯಲೇಬೇಡಿ. ಮರುದಿನ ಬರೆಯಿರಿ, ತಡವಾಯಿತೆಂದು ಬೈಸಿಕೊಳ್ಳಿ.

ನಿವೃತ್ತಿಗೆ ಎಂಟು ತಿಂಗಳಿದ್ದಾಗ ಹೊಸದಾಗಿ ಒಬ್ಬ ಹುಡುಗಿ ಬರುವವಳಿದ್ದಳು. ಕುಷ್ಟಗಿಯಲ್ಲಿ ಎಲ್ಲಿ ವಿಚಾರಿಸಿದರೂ ಮನೆ ಹೊಂದಲಿಲ್ಲ. ಕೊನೆಗೆ ಹಿಟ್ನಾಳ ಕ್ರಾಸಿನಲ್ಲಿ ಬಸ್ಸು ಬದಲಿಸಿ ನೀಲಮ್ಮನ ಮನೆಗೆ ಹೋದೆ. ಹೋಗುವ ತನಕ ಹೋಗುವುದೋ ಬೇಡವೋ ಎಂಬುದು ತೀರ್ಮಾನವಾಗಿರಲಿಲ್ಲ. ಅವರು ಹೊಲಿಗೆ ಯಂತ್ರದ ಮುಂದಿದ್ದರು. ಮೊಮ್ಮಗಳು ಬಟ್ಟೆಯ ಚೂರುಗಳನ್ನು ಬಣ್ಣ ಬಣ್ಣಕ್ಕೆ ಬೇರೆ ಮಾಡುತ್ತ ನೆಲದ ಮೇಲೆ ಕೂತಿದ್ದಳು. ನನ್ನ ಗುರುತು ಅವಳಿಗೆ ಇರುವುದು ಸಾಧ್ಯವಿರಲಿಲ್ಲ. ಒಂದು ಕೆಂಪು ಚೂರು ತಂದು ನನ್ನ ತೊಡೆಯ ಮೇಲೆ ಇಟ್ಟು ಹೋದಳು.

ವಿಷಯ ಹೇಳಿದೆ. ನೀಲಮ್ಮ ಯಂತ್ರ ನಿಲ್ಲಿಸಿ ನೂಲು ಕತ್ತರಿಸಿದರು.

"ಬರ್ಲಿ," ಅಂದರು. "ಕೋಣಿ ಖಾಲಿನ ಐತಿ. ಆದ್ರ ಒಂದು ಮಾತು ಅಕ್ಕೋರ. ಹುಡುಗೀನ್ನ ತರೂ ಮುಂದ ಬಂದು ಕೇಳ್ತೀರಿ, ಚಹಾ ಕುಡಿತೀರಿ, ಏನು ಕೆಲಸ ಹಚ್ತಿ ಅಂತೀರಿ. ಒಯ್ಯೂ ಮುಂದನೂ ಬಂದು ಕೇಳ್ರಿ."

ಆಗಲಿ ಅಂದೆ. ಹಾಗೆ ಮಾತು ಕೊಡುವ ಅಧಿಕಾರ ನನಗಿರಲಿಲ್ಲ. ಮನೆಗೆ ಬಂದು ಆ ತಿಂಗಳ ವರದಿಯ ಎರಡು ಸಾಲಿನಲ್ಲಿ ಅವರ ಮಾತನ್ನು ಅವರು ಹೇಳಿದಂತೆಯೇ ಬರೆದೆ. ಹೊಸ ಅಧಿಕಾರಿ ಫೋನ್ ಮಾಡಿ, ಇದೇನು ಮೇಡಂ, ಇದಕ್ಕೆ ನಾವು ಏನು ಮಾಡಬೇಕು ಎಂದು ಕೇಳಿದರು.

ಹೋಗಿ ಕೇಳಬೇಕು ಅಂದೆ.